ತೂಗುಕುಂಡದ ಹೂಗಿಡಗಳು

ಸೂರು, ತೊಲೆ, ಬಾಲ್ಕನಿಯ ಕೊಕ್ಕೆ ಅಥವಾ ಮರದ ಕೊಂಬೆಯಿಂದ ಇಳಿಬಿಟ್ಟ ಕುಂಡದಲ್ಲಿ ಬೇರೂರಿ, ಅಂಚು ದಾಟಿ ಕೆಳಕ್ಕೆ ಜೋತು ಹೂ ಬಿಡುವ ಗಿಡಗಳು. ನರ್ಸರಿಯವರ ಬಾಯಲ್ಲಿ ಈ ಕುಂಡಕ್ಕೆ ‘ಹ್ಯಾಂಗಿಂಗ್ ಪಾಟ್’ ಎಂದೇ ಹೆಸರು. ಇವು ಸಸ್ಯಶಾಸ್ತ್ರದ ಒಂದು ಗುಂಪಲ್ಲ. ಬದನೆ ಕುಟುಂಬದ ಪೆಟೂನಿಯಾ, ಗೋಣಿಸೊಪ್ಪಿನ ದಾಯಾದಿಯಾದ ಟೇಬಲ್ ರೋಸ್, ಕಳ್ಳಿಯ ಕುಲದ ಬ್ರಹ್ಮಕಮಲ, ಮಲೆನಾಡಿನ ಸೀತಾಳೆ ದಂಡೆ ಎಲ್ಲವೂ ಇದರೊಳಗೆ ಬರುತ್ತವೆ. ಇವನ್ನೆಲ್ಲ ಒಂದೆಡೆ ಸೇರಿಸುವುದು ಜೋಲುವ ಗುಣ ಮತ್ತು ನೆಲದ ನಂಟು ಕಡಿದುಕೊಂಡ ಬದುಕು. ನೆಲದ ಗಿಡದ ಬೇರು ನೀರನ್ನು ಹುಡುಕಿಕೊಂಡು ಹೋಗುತ್ತದೆ. ತೂಗುಕುಂಡದ ಬೇರಿಗೆ ಹೋಗಲು ಜಾಗವೇ ಇಲ್ಲ. ಅದರ ಪಾಲಿಗಿರುವುದು ಸುತ್ತಲಿಂದಲೂ ತಳದಿಂದಲೂ ಒಣಗುತ್ತಿರುವ ಕೆಲವೇ ಲೀಟರ್ ಮಣ್ಣು. ನರ್ಸರಿಯಲ್ಲಿ ಮೈತುಂಬ ಹೂ ಹೊತ್ತಿದ್ದ ಗಿಡ ಮನೆಗೆ ಬಂದು ತಿಂಗಳಲ್ಲೇ ಸೊರಗಿತೆಂದರೆ, ತಪ್ಪು ಸಾಮಾನ್ಯವಾಗಿ ಹೂವಿನ ಆಯ್ಕೆಯಲ್ಲಲ್ಲ, ಈ ಮಣ್ಣಿನ ಲೆಕ್ಕದಲ್ಲಿ ಇರುತ್ತದೆ.

ಹಿನ್ನೆಲೆ

ಪ್ರಾಚೀನ ಬ್ಯಾಬಿಲೋನಿನ ‘ತೂಗು ಉದ್ಯಾನ’ ಹೆಸರಿಗಷ್ಟೇ ತೂಗು. ಆ ಹೆಸರಿನ ಮೂಲದ ಗ್ರೀಕ್ ಪದ ಹೇಳುವುದು ಮಹಡಿಯಂಥ ಎತ್ತರದ ಕಟ್ಟೆಗಳ ಮೇಲಿಂದ ಚಾಚಿದ ತೋಟವನ್ನು. ಮುಂಬೈನ ಮಲಬಾರ್ ಹಿಲ್‌ನ ಹ್ಯಾಂಗಿಂಗ್ ಗಾರ್ಡನ್ನಿನಲ್ಲೂ ತೂಗುವಂಥದ್ದೇನಿಲ್ಲ, ಅದು ನೀರು ಸರಬರಾಜಿನ ಜಲಾಗಾರದ ಮೇಲ್ಛಾವಣಿಯ ಮೇಲೆ ಮಾಡಿದ ಉದ್ಯಾನ. ನಿಜವಾಗಿ ತೂಗುವ ವಿದ್ಯೆ ಕನ್ನಡದ ಅಡುಗೆಮನೆಯಲ್ಲೇ ಇತ್ತು. ಹಾಲು, ಮೊಸರು, ಬೆಣ್ಣೆಯ ಗಡಿಗೆಗಳನ್ನು ಬೆಕ್ಕಿಗೂ ಇರುವೆಗೂ ಎಟುಕದಂತೆ ಹಗ್ಗದ ನೆಲುವಿನಲ್ಲಿಟ್ಟು ತೊಲೆಗೆ ಕಟ್ಟುತ್ತಿದ್ದರು. ಗೋಕುಲದ ಕೃಷ್ಣ ಕೈಹಾಕಿದ್ದೂ ಅದಕ್ಕೇ. ಇಂದು ‘ಮ್ಯಾಕ್ರಮೆ ಹ್ಯಾಂಗರ್’ ಎಂದು ಮಾರುವ ಹೆಣೆದ ದಾರದ ತೂಗು ಈ ನೆಲುವಿನ ಮರುಹುಟ್ಟು. ಬೆಣ್ಣೆಯ ಜಾಗದಲ್ಲಿ ಹೂ ಬಂದಿದೆ, ಅಷ್ಟೆ.

ಹೂವಿನ ಬುಟ್ಟಿಯನ್ನು ತೂಗುಹಾಕುವ ರೂಢಿ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಬಲಗೊಂಡಿತು. ತಂತಿಯ ಬುಟ್ಟಿಯ ಒಳಮೈಗೆ ಪಾಚಿ ಹಾಸಿ, ಅದರ ಸಂದುಗಳಲ್ಲೂ ಸಸಿ ಸಿಕ್ಕಿಸಿ ಹೂವಿನ ಚೆಂಡನ್ನೇ ಮಾಡುವ ಕ್ರಮ ಅಲ್ಲಿಯದು. ಇದನ್ನು ಊರಿನ ಗುರುತಾಗಿಸಿಕೊಂಡದ್ದು ಕೆನಡಾದ ವಿಕ್ಟೋರಿಯಾ ನಗರ. 1862ರಲ್ಲಿ ನಗರಾಡಳಿತ ಸ್ಥಾಪನೆಯಾದ ಆ ಊರು ತನ್ನ 75ನೆಯ ವರ್ಷದ ಸಂಭ್ರಮಕ್ಕೆಂದು 1937ರಲ್ಲಿ ದೀಪದ ಕಂಬಗಳಿಗೆ ಹೂಬುಟ್ಟಿ ಕಟ್ಟಿತು, ಮುಂದೆ ಅದೇ ಪ್ರತಿ ಬೇಸಿಗೆಯ ರೂಢಿಯಾಯಿತು. ಅಲ್ಲಿ ರಾತ್ರಿ ಊರು ಮಲಗಿದ ಮೇಲೆ ನೀರಿನ ಗಾಡಿಯವರು ಕಂಬದಿಂದ ಕಂಬಕ್ಕೆ ಹೋಗಿ ನೀರುಣಿಸುತ್ತಾರೆ. ಬೀದಿಗೆ ಹೂ ತೂಗುವುದೆಂದರೆ ರಾತ್ರಿಪಾಳಿಯ ಸಂಬಳವನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಮ್ಮ ಊರುಗಳಲ್ಲಿ ಮೇಲ್ಸೇತುವೆಯ ಕಂಬಗಳಿಗೆ ಕಟ್ಟಿದ ಕುಂಡಗಳು ಹಲವೆಡೆ ಒಣಕಡ್ಡಿಯಾಗಿರುವುದು ಈ ಒಂದು ಬಾಬ್ತು ಬಿಟ್ಟುಹೋಗಿರುವುದರಿಂದ.

ಬೆಂಗಳೂರಿಗೆ ಹೂವಿನ ಋತುಗಳ ಅಭ್ಯಾಸ ಹಿಡಿಸಿದ್ದರಲ್ಲಿ ಲಾಲ್‌ಬಾಗಿನ ಪಾಲು ದೊಡ್ಡದು. 1889ರಲ್ಲಿ ಅಡಿಗಲ್ಲು ಬಿದ್ದ ಗಾಜಿನಮನೆ, 1908ರಲ್ಲಿ ಬಂದ ಜರ್ಮನ್ ತೋಟಗಾರಿಕಾ ತಜ್ಞ ಕ್ರುಂಬಿಗಲ್, 1912ರಲ್ಲಿ ಹುಟ್ಟಿದ ಮೈಸೂರು ತೋಟಗಾರಿಕಾ ಸಂಘ, ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನಗಳು ಇವೆಲ್ಲ ಊರಿನವರ ಕಣ್ಣು ಪಳಗಿಸಿದವು. ಮನಮೋಹನ ಅತ್ತಾವರ 1965ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಹೂವಿನ ಮಿಶ್ರತಳಿ ಬೀಜವನ್ನು ಇಲ್ಲಿಯ ಮಾತಾಗಿಸಿತು. ಅಂಗಳದ ಮನೆಗಳು ಹೋಗಿ ಬಾಲ್ಕನಿಯ ಮನೆಗಳು ಬಂದ ಮೇಲೆ ನೆಲವಿಲ್ಲದವರ ತೋಟ ಮೇಲಕ್ಕೇರಿ ತೂಗತೊಡಗಿತು.

ಜೋಲುವುದೆಂದರೇನು

ಹಬ್ಬುವ ಬಳ್ಳಿ ಮತ್ತು ಜೋಲುವ ಗಿಡ ಒಂದೇ ಅಲ್ಲ. ಬಳ್ಳಿಗೆ ಸುತ್ತುವ ಕುಡಿಯೋ ನುಲಿಯುವ ಕಾಂಡವೋ ಇದ್ದು ಅದು ಮೇಲೇರಲು ಹವಣಿಸುತ್ತದೆ. ಹಳದಿ ಹೂವಿನ ನಡುವೆ ಕಪ್ಪು ಕಣ್ಣಿರುವ ಥನ್‌ಬರ್ಜಿಯಾವನ್ನು ತೂಗುಕುಂಡಕ್ಕೆ ಹಾಕಿದರೆ, ಒಂದೆರಡು ವಾರ ಕೆಳಗಿಳಿದಂತೆ ಮಾಡಿ ಆಮೇಲೆ ಸರಪಳಿ ಹಿಡಿದು ಮೇಲಕ್ಕೆ ಹೊರಡುತ್ತದೆ. ಜೋಲುವ ಗಿಡಗಳಿಗೆ ಆ ಹಟವಿಲ್ಲ. ಅವುಗಳ ತವರು ಮೂರು ಬಗೆಯದು. ಕೆಲವು ಬಯಲ ನೆಲದ ಮೇಲೆ ಹರಡುವಂಥವು: ಪೆಟೂನಿಯಾ, ವರ್ಬೀನಾ, ಟೇಬಲ್ ರೋಸ್. ಕೆಲವು ಬಂಡೆಯ ಸಂದಿನಲ್ಲೋ ಇಳಿಜಾರಿನಲ್ಲೋ ಬೇರಿಳಿಸಿ ಕೆಳಗೆ ಚಾಚುವಂಥವು: ಆಂಡೀಸ್ ಪರ್ವತದ ಬಿಗೋನಿಯಾ ಬೊಲಿವಿಯೆನ್ಸಿಸ್ ಅಂಥದ್ದು. ಇನ್ನುಳಿದವು ಮಣ್ಣನ್ನೇ ಕಾಣದೆ ಮರದ ತೊಗಟೆಯ ಮೇಲೆ ಬದುಕುವ ಅಪ್ಪುಗಿಡಗಳು: ಹೋಯಾ, ಬ್ರಹ್ಮಕಮಲ, ಸೀತಾಳೆ. ಮರದ ಮೇಲಿನ ಗಿಡಕ್ಕೆ ಬಯಲ ಗಿಡದ ಮಣ್ಣು ಹಾಕಿದರೆ ಬೇರು ಕೊಳೆಯುತ್ತದೆ. ಬಯಲ ಗಿಡವನ್ನು ತೊಗಟೆ ಚೂರಿನಲ್ಲಿಟ್ಟರೆ ಬಾಯಾರಿ ಸಾಯುತ್ತದೆ. ಕುಂಡ, ಮಣ್ಣು, ನೀರು, ಬಿಸಿಲು ನಾಲ್ಕನ್ನೂ ಈ ತವರನ್ನು ತಿಳಿದು ಹೊಂದಿಸಬೇಕು.

ಕುಂಡ ಮತ್ತು ಮಿಶ್ರಣ

ಕುಂಡ ಕೊಳ್ಳುವಾಗ ಎರಡು ಇಂಚಿಗೆ ಜಿಪುಣತನ ಮಾಡುವುದು ಅತಿ ಸಾಮಾನ್ಯವಾದ ತಪ್ಪು. ಅರ್ಧಗೋಳದ ಆಕಾರದ 8 ಇಂಚಿನ ಕುಂಡ ಹಿಡಿಯುವುದು ಸುಮಾರು 2 ಲೀಟರ್ ಮಿಶ್ರಣ, 12 ಇಂಚಿನದು 7 ಲೀಟರಿಗೂ ಮಿಗಿಲು. ಬಾಯಿ ಒಂದೂವರೆ ಪಟ್ಟಾದರೆ ಹೊಟ್ಟೆ ಮೂರು ಪಟ್ಟು ದಾಟುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಮೊದಲನೆಯದು ಮಧ್ಯಾಹ್ನಕ್ಕೇ ಬತ್ತಿದರೆ ಎರಡನೆಯದು ಸಂಜೆಯವರೆಗೆ ತಾಳುತ್ತದೆ. ಹಾಗೆಂದು ದೊಡ್ಡದಾದಷ್ಟೂ ಒಳ್ಳೆಯದೆಂದಲ್ಲ. ನೀರು ಕುಡಿದ 12 ಇಂಚಿನ ಕುಂಡ ಆರೇಳು ಕಿಲೋ ತೂಗುತ್ತದೆ. ಅದನ್ನು ಗಾರೆಗೆ ಹೊಡೆದ ಮೊಳೆಗೆ ನೇತುಹಾಕುವುದು ಅಪಾಯ, ಕಾಂಕ್ರೀಟಿನೊಳಗೆ ಅರಳಿ ಹಿಡಿಯುವ ಆಂಕರ್ ಬೋಲ್ಟೇ ಬೇಕು. ಮೇಲಿನ ಮಹಡಿಗಳಲ್ಲಿ ಕುಂಡ ಕಟಕಟೆಯ ಒಳಮಗ್ಗುಲಲ್ಲಿರಲಿ. ಮುಂಗಾರಿನ ಗಾಳಿಗೆ ಹೊರಗಿನ ಕುಂಡ ಕೆಳಗಿನವರ ತಲೆಯ ಮೇಲೆ ಬೀಳುವ ಸಂಭವವಿದೆ.

ಜೇಡಿಮಣ್ಣಿನ ಕುಂಡ ನೋಡಲು ಚೆಂದ, ಬೇರಿಗೂ ತಂಪು, ಆದರೆ ಗೋಡೆಯ ಮೂಲಕವೂ ನೀರು ಕಳೆದುಕೊಳ್ಳುತ್ತದೆ. ಕಪ್ಪು ಪ್ಲಾಸ್ಟಿಕ್ ಬಿಸಿಲಿಗೆ ಕಾದು ಬೇರನ್ನು ಬೇಯಿಸುತ್ತದೆ, ಬಿಳಿಯದು ಮೇಲು. ತಂತಿಯ ಬುಟ್ಟಿಗೆ ತೆಂಗಿನ ನಾರಿನ ಹಾಸು ಹಾಕುವ ಕ್ರಮ ಪಾಶ್ಚಾತ್ಯ ದೇಶಗಳ ತಂಪು ಬೇಸಿಗೆಗೆ ಹೇಳಿಸಿದ್ದು. ಕಲಬುರಗಿ, ಬಳ್ಳಾರಿಯಂಥ ಕಡೆ ಅದು ಬೆಳಗಿನ ನೀರನ್ನು ತಿಂಡಿಯ ಹೊತ್ತಿಗೆ ಖಾಲಿ ಮಾಡುತ್ತದೆ. ಅದನ್ನೇ ಬಳಸುವುದಾದರೆ ಒಳಗೆ ತೂತು ಮಾಡಿದ ಪ್ಲಾಸ್ಟಿಕ್ ಹಾಳೆ ಹಾಸಿ ಸ್ವಲ್ಪ ಮಟ್ಟಿಗೆ ತಡೆಯಬಹುದು.

ತೋಟದ ಕೆಂಪು ಮಣ್ಣು ತೂಗುಕುಂಡಕ್ಕೆ ಭಾರ, ಜೊತೆಗೆ ಕೆಲವೇ ವಾರಗಳಲ್ಲಿ ಗಟ್ಟಿಯಾಗುತ್ತದೆ. ರೂಢಿಯ ಮಿಶ್ರಣ ಎರಡು ಪಾಲು ಕೋಕೋಪಿಟ್, ಒಂದು ಪಾಲು ಎರೆಗೊಬ್ಬರ, ಒಂದು ಪಾಲು ಪರ್ಲೈಟ್ ಅಥವಾ ಸುಟ್ಟ ಭತ್ತದ ಹೊಟ್ಟು, ಮೇಲೊಂದು ಹಿಡಿ ಬೇವಿನ ಹಿಂಡಿ. ಕೋಕೋಪಿಟ್ ಎಂದರೆ ತೆಂಗಿನ ನಾರು ತೆಗೆದ ಮೇಲೆ ಉಳಿಯುವ ಪುಡಿ. ಹಿಂದೆ ನಾರಿನ ಕಾರ್ಖಾನೆಯ ಹಿತ್ತಿಲಲ್ಲಿ ಬೇಡದ ಗುಡ್ಡೆಯಾಗಿ ಬಿದ್ದಿರುತ್ತಿದ್ದ ಇದು ಈಗ ಇಟ್ಟಿಗೆಯಾಗಿ ಅಂಗಡಿಗೆ ಬಂದಿದೆ. 5 ಕಿಲೋ ಇಟ್ಟಿಗೆ ನೀರಲ್ಲಿ ನೆನೆದರೆ ಸುಮಾರು 70 ಲೀಟರಾಗಿ ಉಬ್ಬುತ್ತದೆ. ತೆಂಗಿನ ಸಿಪ್ಪೆಯಲ್ಲಿ ಸೋಡಿಯಂ, ಪೊಟ್ಯಾಸಿಯಂ ಲವಣಗಳು ಸಹಜವಾಗಿಯೇ ಇರುತ್ತವೆ, ಉಪ್ಪುನೀರಿನಲ್ಲಿ ನೆನೆಹಾಕಿದ ಸಿಪ್ಪೆಯಲ್ಲಿ ಇನ್ನೂ ಹೆಚ್ಚು. ಎರಡು ಮೂರು ಬಾರಿ ನೀರು ಬದಲಿಸಿ ತೊಳೆಯದಿದ್ದರೆ ಎಳೆ ಸಸಿಯ ಎಲೆಯಂಚು ಸುಟ್ಟಂತಾಗುತ್ತದೆ.

ಕುಂಡದ ತಳಕ್ಕೆ ಜಲ್ಲಿಕಲ್ಲು ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆಂಬ ನಂಬಿಕೆ ಹಳೆಯದು, ಅದು ತಪ್ಪು. ನೀರಲ್ಲಿ ಅದ್ದಿದ ಸ್ಪಂಜನ್ನು ಅಡ್ಡಡ್ಡ ಹಿಡಿದು ಸೋರುವುದು ನಿಂತ ಮೇಲೆ ನೆಟ್ಟಗೆ ನಿಲ್ಲಿಸಿ ನೋಡಿ, ಮತ್ತಷ್ಟು ನೀರು ಸುರಿಯುತ್ತದೆ. ಮಿಶ್ರಣದ ಸಣ್ಣ ಸಂದುಗಳು ತಳದಲ್ಲಿ ಇಂತಿಷ್ಟು ಎತ್ತರದ ನೀರನ್ನು ಎಂದಿಗೂ ಬಿಟ್ಟುಕೊಡುವುದಿಲ್ಲ, ಕುಂಡ ಗಿಡ್ಡವಿದ್ದರೂ ಆ ಎತ್ತರ ಕಡಿಮೆಯಾಗುವುದಿಲ್ಲ. ಜಲ್ಲಿ ಹಾಕಿದರೆ ಆ ಕೆಸರಿನ ಪದರ ಜಲ್ಲಿಯ ಮೇಲಕ್ಕೆ, ಅಂದರೆ ಬೇರಿನ ಹತ್ತಿರಕ್ಕೇ ಸರಿಯುತ್ತದೆ. ಗಿಡ್ಡ ತೂಗುಕುಂಡಕ್ಕೆ ದಪ್ಪ ಕಣದ ಹಗುರ ಮಿಶ್ರಣ ಬೇಕೆನ್ನುವುದು ಇದಕ್ಕಾಗಿ.

ನೀರು

ತೂಗುಕುಂಡಕ್ಕೆ ದಿನಕ್ಕೆಷ್ಟು ನೀರು ಎಂಬ ಪ್ರಶ್ನೆಗೆ ಲೋಟದ ಲೆಕ್ಕದಲ್ಲಿ ಉತ್ತರವಿಲ್ಲ. ಅನುಭವಿಗಳು ಕುಂಡವನ್ನು ತಳದಿಂದ ಅಂಗೈಯಲ್ಲಿ ಎತ್ತಿ ನೋಡುತ್ತಾರೆ. ಹಗುರವೆನಿಸಿದರೆ ನೀರು, ಭಾರವಿದ್ದರೆ ನಾಳೆ. ಒಂದು ವಾರ ಹೀಗೆ ಮಾಡಿದರೆ ಕೈಗೇ ಅಂದಾಜು ಬರುತ್ತದೆ. ಕೊಟ್ಟಾಗ ತಳದ ತೂತಿನಿಂದ ಹರಿಯುವಷ್ಟು ಕೊಡಬೇಕು. ದಿನಾ ಚಿಮುಕಿಸಿದರೆ ಮೇಲಿನ ಎರಡು ಬೆರಳು ನೆನೆದು ಕೆಳಗಿನ ಬೇರು ಒಣಗೇ ಉಳಿಯುತ್ತದೆ. ಚಳಿಗಾಲದ ಬೆಂಗಳೂರಿನಲ್ಲಿ ದಿನಕ್ಕೊಮ್ಮೆ ಸಾಕು, ಮಾರ್ಚ್ ಕಳೆದರೆ ಬೆಳಗ್ಗೆ ಸಂಜೆ ಎರಡೂ ಹೊತ್ತು.

ಒಮ್ಮೆ ಪೂರ್ತಿ ಒಣಗಿದ ಮಿಶ್ರಣ ಕುಗ್ಗಿ ಕುಂಡದ ಗೋಡೆಯಿಂದ ಬಿಡಿಸಿಕೊಳ್ಳುತ್ತದೆ. ಆಮೇಲೆ ಸುರಿದ ನೀರೆಲ್ಲ ಆ ಸಂದಿನಲ್ಲೇ ಜಾರಿ ಕೆಳಗಿಳಿಯುತ್ತದೆ. ಹೊರಗಿಂದ ನೋಡಿದವರು ‘ನೀರು ಹಾಕಿದೆ, ಕೆಳಗೂ ಬಂತು’ ಎಂದುಕೊಳ್ಳುತ್ತಾರೆ, ಒಳಗೆ ಬೇರು ಬಾಯಾರಿಯೇ ಇರುತ್ತದೆ. ಊರಿಗೆ ಹೋಗಿ ಬಂದವರ ಮನೆಯಲ್ಲಿ ಇದು ಮಾಮೂಲು. ಕುಂಡವನ್ನು ಕೆಳಗಿಳಿಸಿ ಅರ್ಧ ಗಂಟೆ ಬಕೆಟ್ ನೀರಿನಲ್ಲಿ ಕೂರಿಸಿದರೆ ಮಿಶ್ರಣ ಮತ್ತೆ ಉಬ್ಬಿಕೊಳ್ಳುತ್ತದೆ. ಹತ್ತಾರು ಕುಂಡಗಳಿದ್ದವರು ಸಣ್ಣ ಡ್ರಿಪ್ ಕೊಳವೆ ಎಳೆಯುವುದೇ ವಾಸಿ. ಒಂದೆರಡು ಕುಂಡದವರಿಗೆ ತಳದಲ್ಲಿ ನೀರಿಟ್ಟು ಬತ್ತಿಯ ಮೂಲಕ ಮೇಲೆಳೆಯುವ ಕುಂಡಗಳು ದೊರೆಯುತ್ತವೆ. ದೀಪದ ಬತ್ತಿ ಎಣ್ಣೆ ಎಳೆದ ಹಾಗೇ ಅದು ನೀರೆಳೆಯುತ್ತದೆ. ತಳಕ್ಕೆ ತಟ್ಟೆ ಕಟ್ಟಿದ್ದರೆ ವಾರಕ್ಕೊಮ್ಮೆಯಾದರೂ ಚೆಲ್ಲಿ ಒರೆಸಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಇಂಥ ಒಂದು ತಟ್ಟೆ ನೀರು, ವಾರ ಹತ್ತು ದಿನದ ಬಿಡುವು ಸಾಕು.

ಬಿಸಿಲು ಮತ್ತು ಪಂಚಾಂಗ

ತೂಗುಕುಂಡದ ಬಗೆಗಿನ ಬರವಣಿಗೆಯಲ್ಲಿ ಹೆಚ್ಚಿನದು ಲಂಡನ್ನಿನಂಥ ಊರುಗಳ ಅನುಭವದಿಂದ ಬಂದದ್ದು. ಅಲ್ಲಿ ಬೇಸಿಗೆಯ ನಡುವಿನ ಹಗಲು ಹದಿನಾರು ಗಂಟೆ ದಾಟುತ್ತದೆ, ಚಳಿಗಾಲದಲ್ಲಿ ಎಂಟಕ್ಕೆ ಇಳಿಯುತ್ತದೆ. ಹೀಗಾಗಿ ‘ಬೇಸಿಗೆಯ ಹೂ’ ಎಂದು ಅವರು ಬರೆದದ್ದು ನಮ್ಮ ಮೇ ತಿಂಗಳಿಗೆ ಹೊಂದುವುದಿಲ್ಲ. 13 ಡಿಗ್ರಿ ಉತ್ತರ ಅಕ್ಷಾಂಶದ ಬೆಂಗಳೂರಿನಲ್ಲಿ ವರ್ಷವಿಡೀ ಹಗಲು ಹನ್ನೊಂದೂವರೆಯಿಂದ ಹದಿಮೂರು ಗಂಟೆಯ ಆಸುಪಾಸಿನಲ್ಲೇ ಇರುತ್ತದೆ. ಇಲ್ಲಿ ಋತುವನ್ನು ಬದಲಿಸುವುದು ಬೆಳಕಿಗಿಂತ ಹೆಚ್ಚಾಗಿ ಸೆಕೆ ಮತ್ತು ಮಳೆ. ಅವರ ಜೂನ್-ಸೆಪ್ಟೆಂಬರ್ ಹೂಗಳು ನಮಗೆ ನವೆಂಬರ್-ಮಾರ್ಚ್ ಹೂಗಳು.

ಬಾಲ್ಕನಿಯ ದಿಕ್ಕಿನ ವಿಷಯದಲ್ಲೂ ಪುಸ್ತಕದ ಮಾತು ಇಲ್ಲಿ ತಿರುಗುಮುರುಗಾಗುತ್ತದೆ. ಏಪ್ರಿಲ್ ಕೊನೆಯ ವಾರದಲ್ಲಿ ಸೂರ್ಯ ಬೆಂಗಳೂರಿನ ನೆತ್ತಿಯ ಮೇಲೆ ಬಂದು, ಮೇ, ಜೂನ್, ಜುಲೈ ತಿಂಗಳುಗಳ ನಡುಹಗಲಿನಲ್ಲಿ ಉತ್ತರಕ್ಕೆ ವಾಲಿರುತ್ತಾನೆ; ಆಗಸ್ಟ್ ನಡುವಿನಲ್ಲಿ ಮತ್ತೆ ನೆತ್ತಿ ದಾಟಿ ತೆಂಕಣಕ್ಕೆ ಇಳಿಯುತ್ತಾನೆ. ಹಾಗಾಗಿ ದಕ್ಷಿಣಕ್ಕೆ ತೆರೆದ ಬಾಲ್ಕನಿಗೆ ಚಳಿಗಾಲದಲ್ಲಿ ಒಳತನಕ ಬಿಸಿಲು, ಮೇ ತಿಂಗಳಲ್ಲಿ ನೆರಳು. ಪೆಟೂನಿಯಾಕ್ಕೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಪಡುವಣ ದಿಕ್ಕಿನ ಇಳಿಬಿಸಿಲು ಟೇಬಲ್ ರೋಸ್‌ಗೆ ಮಾತ್ರ ಒಗ್ಗುತ್ತದೆ. ಮೂಡಣದ ಬಾಲ್ಕನಿಯಲ್ಲಿ ಹೆಚ್ಚುಕಡಿಮೆ ಎಲ್ಲವೂ ಬದುಕುತ್ತವೆ.

ಮುಖ್ಯ ಗಿಡಗಳು

ಪೆಟೂನಿಯಾ. ತೂಗುಕುಂಡದ ಇತಿಹಾಸದ ಅರ್ಧ ಭಾಗ ಇದರದೇ. ದಕ್ಷಿಣ ಅಮೆರಿಕದ ಪ್ಲೇಟ್ ನದೀಮುಖದಿಂದ ಬಂದ ಬಿಳಿ ಹೂವಿನ ಮಾದರಿಯ ಆಧಾರದ ಮೇಲೆ ಫ್ರಾನ್ಸಿನ ಜುಸ್ಯೂ 1803ರಲ್ಲಿ ಈ ಕುಲವನ್ನು ವಿವರಿಸಿದ. ಹೊಗೆಸೊಪ್ಪಿನ ಹತ್ತಿರದ ನೆಂಟನಾದ್ದರಿಂದ ಅಲ್ಲಿನ ಮೂಲನಿವಾಸಿಗಳು ಹೊಗೆಸೊಪ್ಪಿಗೆ ಬಳಸುತ್ತಿದ್ದ ‘ಪೆಟುನ್’ ಪದವೇ ಹೆಸರಾಯಿತು. ನೇರಳೆ ಬಣ್ಣದ ಇನ್ನೊಂದು ಪ್ರಭೇದವನ್ನು ಟ್ವೀಡಿ ಎಂಬ ಸ್ಕಾಟಿಷ್ ತೋಟಗಾರ 1831ರಲ್ಲಿ ಗ್ಲಾಸ್ಗೋಗೆ ಕಳುಹಿಸಿದ. ಇರುಳಲ್ಲಿ ಪರಿಮಳ ಬೀರಿ ಪತಂಗಗಳನ್ನು ಕರೆಯುವ ಬಿಳಿಯದೂ ಹಗಲಿನ ಜೇನ್ನೊಣಗಳನ್ನು ನೆಚ್ಚಿದ ನೇರಳೆಯದೂ ಯುರೋಪಿನ ತೋಟದಲ್ಲಿ ಬೆರೆತು ಇಂದಿನ ಪೆಟೂನಿಯಾ ಹುಟ್ಟಿತು. ಅದು ಬಹುಕಾಲ ನೆಟ್ಟಗೆ ನಿಲ್ಲುವ ಮಡಿಯ ಹೂವೇ ಆಗಿತ್ತು. ಅದನ್ನು ಜೋತುಬೀಳಿಸಿದವರು ಜಪಾನಿನ ಪಾನೀಯದ ಕಂಪನಿಗಳು ಎಂಬುದು ತಮಾಷೆಯ ಸಂಗತಿ. ವಿಸ್ಕಿಗೆ ಹೆಸರಾದ ಸಂಟೋರಿ 1989ರಲ್ಲಿ ‘ಸರ್ಫೀನಿಯಾ’ ತಂದಿತು, ಬಿಯರಿನ ಕಿರಿನ್ ಬೆಳೆಸಿದ ‘ಪರ್ಪಲ್ ವೇವ್’ 1995ರಲ್ಲಿ ಅಮೆರಿಕದ ಆಲ್-ಅಮೆರಿಕ ಸೆಲೆಕ್ಷನ್ಸ್ ಮನ್ನಣೆ ಪಡೆಯಿತು. ಸರ್ಫೀನಿಯಾವನ್ನು ಕಡ್ಡಿಯಿಂದಲೇ ಬೆಳೆಸಬೇಕು, ವೇವ್ ಬೀಜದಿಂದ ಬರುತ್ತದೆ. ನರ್ಸರಿಯಲ್ಲಿ ‘ಹ್ಯಾಂಗಿಂಗ್ ಪೆಟೂನಿಯಾ’ ಕೇಳುವಾಗ ಇಂಥ ತಳಿಯೇ ಎಂದು ಖಚಿತಪಡಿಸಿಕೊಳ್ಳಬೇಕು. ಸಾಮಾನ್ಯ ಪೆಟೂನಿಯಾ ಅಂಚಿನಲ್ಲಿ ಬಾಗುತ್ತದೆ, ಜೋಲುವುದಿಲ್ಲ.

ಒಂದು ಗ್ರಾಂ ತೂಕಕ್ಕೆ ಪೆಟೂನಿಯಾದ ಸುಮಾರು ಹತ್ತು ಸಾವಿರ ಬೀಜಗಳು ಬೇಕು. ಮೊಳೆಯಲು ಬೆಳಕು ಬೇಕಾದ್ದರಿಂದ ಮಣ್ಣು ಮುಚ್ಚದೆ ಮೇಲೆಯೇ ಉದುರಿಸಿ, ಮೇಲಿಂದ ಸುರಿಯದೆ ತಳದಿಂದ ನೀರು ಏರಿಸಬೇಕು. ಸೆಪ್ಟೆಂಬರ್ ಕೊನೆಗೆ ಬಿತ್ತಿದರೆ ವಾರ ಹತ್ತು ದಿನಕ್ಕೆ ಮೊಳೆತು ಡಿಸೆಂಬರ್ ಹೊತ್ತಿಗೆ ಹೂ. 12 ಇಂಚಿನ ಕುಂಡಕ್ಕೆ ಮೂರು ಸಸಿ ಸಾಕು. ಕನಿಷ್ಠ ಐದಾರು ಗಂಟೆಯ ನೇರ ಬಿಸಿಲು ಬೇಕು. ಇದರ ದಳ ತೆಳು ಬಟ್ಟೆಯಂತೆ, ಒಂದು ಜೋರು ಮಳೆಗೆ ಒದ್ದೆ ಕಾಗದವಾಗುತ್ತದೆ.

ಪೆಟೂನಿಯಾದಂತೆಯೇ ಕಾಣುವ, ರೂಪಾಯಿ ನಾಣ್ಯದಷ್ಟು ಹೂವಿನ ಕ್ಯಾಲಿಬ್ರಕೋವಾ ‘ಮಿಲಿಯನ್ ಬೆಲ್ಸ್’ ಎಂದು ಮಾರುಕಟ್ಟೆಗೆ ಬಂದದ್ದು. ವರ್ಣತಂತುಗಳ ಎಣಿಕೆಯಲ್ಲಿ ಪೆಟೂನಿಯಾದ್ದು 14, ಇದರದ್ದು 18, ಹಾಗಾಗಿ ಬೇರೆ ಕುಲವೆಂದೇ ಈಗಿನ ತೀರ್ಮಾನ. ಒಣಹೂ ಚಿವುಟುವ ಗೋಜಿಲ್ಲ, ಆದರೆ ಬೇರು ಒದ್ದೆಯನ್ನು ಇನ್ನೂ ಕಡಿಮೆ ಸಹಿಸುತ್ತದೆ.

ಟೇಬಲ್ ರೋಸ್. ಪೋರ್ಚುಲಾಕ ಗ್ರಾಂಡಿಫ್ಲೋರ. ಬಿಸಿಲೇರಿದ ಮೇಲೆ ಅರಳಿ ಸಂಜೆಯೊಳಗೆ ಮುದುಡುವುದರಿಂದ ಹತ್ತು ಗಂಟೆ ಹೂ ಎಂದೂ ಕರೆಯುತ್ತಾರೆ. ಬ್ರೆಜಿಲ್, ಉರುಗ್ವೆ, ಅರ್ಜೆಂಟೀನಾ ತವರು. ನಮ್ಮ ಹೊಲಗಳ ಗೋಣಿಸೊಪ್ಪು ಇದರದೇ ಕುಲ. ಈ ಕುಲದ ಗಿಡಗಳು ನೀರಿದ್ದಾಗ ಜೋಳದ ಬಗೆಯ ಚುರುಕಿನ ದ್ಯುತಿಸಂಶ್ಲೇಷಣೆ ನಡೆಸಿ, ಬರ ಬಂದಾಗ ಕಳ್ಳಿಯ ಹಾಗೆ ರಾತ್ರಿ ಉಸಿರಾಡುವ ಕ್ರಮಕ್ಕೂ ಹೊರಳಬಲ್ಲವು. ಎರಡೂ ವಿದ್ಯೆ ಒಂದೇ ಗಿಡದಲ್ಲಿರುವುದು ಅಪರೂಪ. ಏಪ್ರಿಲ್ ಬಿಸಿಲಿಗೆ ಉಳಿದವು ಬಾಡಿದಾಗ ಇದು ನಗುವುದು ಅದಕ್ಕೇ. ಬೆರಳುದ್ದದ ಕಡ್ಡಿ ಮುರಿದು ಚುಚ್ಚಿದರೆ ವಾರದಲ್ಲಿ ಬೇರು. ಕುಂಡಕ್ಕೆ ಐದಾರು ಕಡ್ಡಿ, ಎರಡು ಮೂರು ಬಣ್ಣ ಬೆರೆಸಿ. ಅರಳಿದ ಹೂವಿನ ಕೇಸರಗಳನ್ನು ಕಡ್ಡಿಯಿಂದ ಮುಟ್ಟಿದರೆ ಅವು ಮೆಲ್ಲಗೆ ಮುಟ್ಟಿದ ಕಡೆಗೇ ವಾಲುತ್ತವೆ. ಮಕ್ಕಳಿಗೆ ತೋರಿಸಬೇಕಾದ ಆಟ. ಅಗಲ ಎಲೆಯ ಇನ್ನೊಂದು ಪ್ರಭೇದವೂ ಅಂಗಡಿಯಲ್ಲಿ ಇದೇ ಹೆಸರಿನಲ್ಲಿ ಸಿಗುತ್ತದೆ. ಎರಡಕ್ಕೂ ಜುಲೈ ತಿಂಗಳ ಜಡಿಮಳೆ ಶತ್ರು. ಸೂರಿನಡಿಗೆ ಸರಿಸದಿದ್ದರೆ ಕಾಂಡ ಕೊಳೆಯುತ್ತದೆ.

ಮಳೆಗಾಲದ ಹೂಗಳು. ಬೆಂಗಳೂರಿನ ಮಳೆಗೂ ಮಂಗಳೂರಿನ ಮಳೆಗೂ ಅಜಗಜಾಂತರ. ಕರಾವಳಿ, ಮಲೆನಾಡಿನಲ್ಲಿ ತೂಗುಕುಂಡ ಸೂರಿನ ಅಂಚಿನಿಂದ ಎರಡಡಿ ಒಳಗಿರಬೇಕು. ಆಗಿನ ಹೂ ಟೊರೇನಿಯಾ: ನೇರಳೆ ತುಟಿ, ಹಳದಿ ಮಚ್ಚೆ, ತಂಪು ನೆರಳು ಸಾಕು. ಇದರ ಕಾಡುಬಂಧುಗಳು ಪಶ್ಚಿಮಘಟ್ಟದಲ್ಲೂ ಇವೆ. ಜೋಲು ಬಿಗೋನಿಯಾ, ಎಪಿಸಿಯಾ ಕೂಡ ಇದೇ ಬೆಳಕಿನವು. ಜುಮುಕಿಯಂಥ ಫ್ಯುಷಿಯಾವನ್ನು ಊಟಿಯಲ್ಲಿ ಕಂಡು ಮನಸೋತು ತರುವವರು ಪ್ರತಿವರ್ಷ ಇದ್ದಾರೆ. ರಾತ್ರಿ ತಂಪಿಲ್ಲದ ಊರಿನಲ್ಲಿ ಅದು ಮೊಗ್ಗು ಉದುರಿಸಿ ಕುಳಿತುಬಿಡುತ್ತದೆ. ಬಯಲುಸೀಮೆಯವರು ಆ ಆಸೆ ಬಿಡುವುದೇ ಒಳ್ಳೆಯದು.

ಚಳಿಗಾಲಕ್ಕೆ ಪೆಟೂನಿಯಾದ ಜೊತೆ ವರ್ಬೀನಾ, ಲೊಬೀಲಿಯಾ, ಜೇನಿನ ವಾಸನೆಯ ಅಲಿಸಮ್, ನಸ್ಟರ್ಷಿಯಂ ಹೊಂದುತ್ತವೆ. ನಸ್ಟರ್ಷಿಯಂಗೆ ಗೊಬ್ಬರ ಹೆಚ್ಚಾದರೆ ಬರೀ ಎಲೆ. ಖಾರದ ಆ ಎಲೆಯನ್ನು ಕೋಸಂಬರಿಗೆ ಹಾಕಿ ನಷ್ಟ ತುಂಬಿಕೊಳ್ಳಬಹುದು. ವರ್ಷವಿಡೀ ಬೇಕೆನ್ನುವವರಿಗೆ ನೀಲಿ ಇವಾಲ್ವುಲಸ್ ಇದೆ. ನಮ್ಮ ಬಯಲಿನ ವಿಷ್ಣುಕ್ರಾಂತಿಯ ಬ್ರೆಜಿಲ್ ತಂಗಿ ಅದು, ಹೂ ತುಸು ದೊಡ್ಡದು, ಬೆಳಗ್ಗೆ ಮಾತ್ರ ತೆರೆದಿರುತ್ತದೆ. ಜೋಲು ತಳಿಯ ನಿತ್ಯಪುಷ್ಪವೂ ಸೆಕೆಗೆ ಗಟ್ಟಿ, ಮಳೆಗೆ ಮೆದು. ನೇರಳೆ ಬಣ್ಣದ ಜೋಲು ಲಂಟಾನ, ಬಂಡೀಪುರದ ಕಾಡನ್ನು ಆವರಿಸಿರುವ ಲಂಟಾನಕ್ಕಿಂತ ಬೇರೆ ಪ್ರಭೇದ. ಹಳದಿ ಹೂವಿನ ವೆಡೆಲಿಯಾವನ್ನು ಮಾತ್ರ ನರ್ಸರಿಯವರು ಎಷ್ಟೇ ಹೊಗಳಿದರೂ ಹಾಕದಿರುವುದು ಮೇಲು. ಜಗತ್ತಿನ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದಕ್ಕೆ ಜಾಗ ಸಿಕ್ಕಿದೆ. ಚರಂಡಿಗೆ ಎಸೆದ ಒಂದು ತುಂಡು ಬೀದಿಯನ್ನೇ ಹಿಡಿಯುತ್ತದೆ.

ಚಿವುಟುವುದು, ಉಣಿಸುವುದು

ತುದಿಮೊಗ್ಗಿನಲ್ಲಿ ತಯಾರಾಗುವ ಆಕ್ಸಿನ್ ಎಂಬ ಸಸ್ಯಚೋದಕ ಕೆಳಗಿನ ಕಂಕುಳ ಮೊಗ್ಗುಗಳನ್ನು ಅಡಗಿಸಿಡುತ್ತದೆ. ತುದಿ ಚಿವುಟಿದರೆ ಆ ಅಂಕುಶ ಹೋಗಿ ಕವಲುಗಳು ಹೊರಡುತ್ತವೆ. ಸಸಿ ನಾಲ್ಕು ಬೆರಳಾದಾಗ ಒಮ್ಮೆ, ಮತ್ತೆ ಎರಡು ವಾರಕ್ಕೆ ಇನ್ನೊಮ್ಮೆ ಚಿವುಟಲು ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು, ಮೊದಲ ಮೊಗ್ಗು ಕಣ್ಣಿಗೆ ಬಿದ್ದಿರುತ್ತದಲ್ಲ. ಚಿವುಟದ ಗಿಡ ನಾಲ್ಕು ಉದ್ದ ಬಾಲ ಬಿಟ್ಟು ತುದಿಯಲ್ಲಿ ಮಾತ್ರ ಹೂ ತೋರಿಸುತ್ತದೆ, ಕುಂಡದ ನೆತ್ತಿ ಬೋಳಾಗುತ್ತದೆ. ಬಾಡಿದ ಪೆಟೂನಿಯಾ ಹೂವನ್ನು ದಳ ಮಾತ್ರ ಕಿತ್ತರೆ ಸಾಲದು, ಬುಡದ ಹಸಿರು ಬೀಜಕೋಶವೂ ಹೋಗಬೇಕು. ನಡುಗಾಲದಲ್ಲಿ ಗಿಡ ಉದ್ದಗಾಲಾದರೆ ಮೂರನೆಯ ಒಂದು ಭಾಗ ಕತ್ತರಿಸಿ ಗೊಬ್ಬರ ಕೊಟ್ಟರೆ ಮೂರು ವಾರದಲ್ಲಿ ಮತ್ತೆ ತುಂಬಿಕೊಳ್ಳುತ್ತದೆ.

ದಿನಾ ಸುರಿಯುವ ನೀರು ಗೊಬ್ಬರವನ್ನೂ ತೊಳೆದೊಯ್ಯುವುದರಿಂದ ನಾಟಿಯ ದಿನದ ಎರೆಗೊಬ್ಬರ ಹೆಚ್ಚು ದಿನ ಬಾರದು. ನೀರಲ್ಲಿ ಕರಗುವ 19:19:19 ಗೊಬ್ಬರವನ್ನು ಲೀಟರಿಗೆ ಒಂದೆರಡು ಗ್ರಾಂನಂತೆ ವಾರಕ್ಕೊಮ್ಮೆ, ಅದೂ ಮಣ್ಣು ಒದ್ದೆಯಿದ್ದಾಗ ಕೊಡುವುದು ರೂಢಿ. ಕಡಲೆಕಾಯಿ ಹಿಂಡಿ ನೆನೆಸಿದ ತಿಳಿನೀರೂ ಕೆಲಸ ಮಾಡುತ್ತದೆ, ವಾಸನೆಗೆ ನೆರೆಮನೆಯವರ ಒಪ್ಪಿಗೆ ಬೇಕಾದೀತು.

ಗೊಬ್ಬರ ಕೊಟ್ಟರೂ ಪೆಟೂನಿಯಾದ ಎಳೆ ಎಲೆ ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿಯಿತೆಂದರೆ ಅದು ಹಸಿವಲ್ಲ. ಬೆಂಗಳೂರಿನ ಅನೇಕ ಕೊಳವೆಬಾವಿಗಳ ನೀರು ಗಡಸು, ಕ್ಷಾರಗುಣದ್ದು. ತಿಂಗಳುಗಟ್ಟಲೆ ಅದನ್ನೇ ಹಾಕಿದಾಗ ಮಿಶ್ರಣದ ರಸಸಾರ ಏರುತ್ತದೆ, 6.5 ದಾಟಿದರೆ ಕಬ್ಬಿಣ ಅಲ್ಲಿದ್ದರೂ ಪೆಟೂನಿಯಾ, ಕ್ಯಾಲಿಬ್ರಕೋವಾದ ಬೇರಿಗೆ ದಕ್ಕುವುದಿಲ್ಲ. ಇವಕ್ಕೆ 5.5ರಿಂದ 6ರ ನಡುವೆ ಹಿತ. ಚಿಲೇಟ್ ರೂಪದ ಕಬ್ಬಿಣ ಕೊಟ್ಟರೆ ಹೊಸ ಎಲೆ ಹಸಿರಾಗಿ ಬರುತ್ತದೆ. ಹಿಂಗಾರಿನ ಮಳೆನೀರು ಡ್ರಮ್ಮಿನಲ್ಲಿ ಹಿಡಿದಿಟ್ಟವರಿಗೆ ಆ ಖರ್ಚೂ ಇಲ್ಲ.

ಕೀಟ, ರೋಗ, ಅತಿಥಿ

ಚಳಿಗಾಲದಲ್ಲಿ ಸಸ್ಯಹೇನು, ಬೇಸಿಗೆಯ ಒಣಹವೆಯಲ್ಲಿ ನುಸಿ, ಎಲ್ಲ ಕಾಲಕ್ಕೂ ಹಿಟ್ಟುತಿಗಣೆ. ಬೇವಿನೆಣ್ಣೆಯನ್ನು ಸೋಪಿನ ನೀರಲ್ಲಿ ಕದಡಿ ಸಂಜೆ ಹೊತ್ತು ಎಲೆಯ ಅಡಿಮೈಗೆ ಸಿಂಪಡಿಸುವುದು ಮನೆಮಟ್ಟಿಗೆ ಸಾಕಾಗುತ್ತದೆ. ಪೆಟೂನಿಯಾ ಮೊಗ್ಗಿನಲ್ಲಿ ದುಂಡನೆಯ ತೂತು ಕಂಡರೆ ತೊಗರಿ, ಟೊಮ್ಯಾಟೊ ಬೆಳೆಗಾರರ ಹಳೆಯ ವೈರಿ ಕಾಯಿಕೊರಕವೇ ಇಲ್ಲಿಗೂ ಬಂದಿದೆ ಎಂದು ತಿಳಿಯಬೇಕು. ಮುಸ್ಸಂಜೆ ಹೊತ್ತು ಹುಡುಕಿ ಹಿಡಿಯುವುದೇ ಔಷಧ. ಮಳೆಯ ನಂತರ ಹೂವಿನ ಮೇಲೆ ಬೂದು ತುಪ್ಪಟ ಬಂದರೆ ಬೊಟ್ರೈಟಿಸ್ ಶಿಲೀಂಧ್ರ. ಕೊಳೆತದ್ದನ್ನು ಕಿತ್ತು ಗಾಳಿಯಾಡಲು ಬಿಡಬೇಕು. ಪಾರಿವಾಳಗಳಿಗೆ ಬಲೆಯೊಂದೇ ಉಪಾಯ.

ಪಿಕಳಾರದ ವಿಷಯ ಬೇರೆ. ಮನುಷ್ಯರ ಹತ್ತಿರ ಅಂಜದೆ ಗೂಡು ಕಟ್ಟುವ ಈ ಹಕ್ಕಿಗೆ ದಟ್ಟವಾಗಿ ಜೋತ ತೂಗುಕುಂಡ ಹೇಳಿ ಮಾಡಿಸಿದ ಜಾಗ. ಎರಡು ಮೂರು ಮೊಟ್ಟೆ, ಹನ್ನೆರಡು ದಿನದ ಕಾವು, ಮರಿ ಗೂಡು ಬಿಡಲು ಮತ್ತಷ್ಟೇ ದಿನ. ಆ ಇಪ್ಪತ್ತೈದು ದಿನ ಮೇಲಿಂದ ನೀರು ಸುರಿಯದೆ ಅಂಚಿನಲ್ಲಿ ಮೆಲ್ಲಗೆ ಹನಿಸಬೇಕು. ಗಿಡ ಹೋದರೂ ಚಿಂತೆಯಿಲ್ಲವೆನ್ನುವವರೇ ಹೆಚ್ಚು.

ಮಣ್ಣು ಬೇಡದ ತೂಗುಹೂಗಳು

ಕನ್ನಡನಾಡಿನ ಮನೆಗಳಲ್ಲಿ ಬ್ರಹ್ಮಕಮಲವೆಂದು ಬೆಳೆಯುವುದು ಮೆಕ್ಸಿಕೊ ಕಡೆಯ ಕಾಡುಮರಗಳ ಮೇಲಿನ ಕಳ್ಳಿ; ಹಿಮಾಲಯದ ಬ್ರಹ್ಮಕಮಲಕ್ಕೂ ಇದಕ್ಕೂ ಸಂಬಂಧವಿಲ್ಲ. ಇದನ್ನು ನೆಲದ ಕುಂಡದಲ್ಲಿ ಕೋಲು ಕಟ್ಟಿ ನಿಲ್ಲಿಸುವುದು ವಾಡಿಕೆ. ತೂಗುಕುಂಡದಲ್ಲಿ ಅರೆನೆರಳಿಗೆ ಇಳಿಬಿಟ್ಟರೆ ಅದರ ಚಪ್ಪಟೆ ಕಾಂಡಗಳು ತವರಿನಲ್ಲಿದ್ದಂತೆ ಬಾಗುತ್ತವೆ, ಹೂಗಳು ಕಣ್ಣಿನ ಮಟ್ಟಕ್ಕೆ ಬರುತ್ತವೆ. ರಾತ್ರಿ ಅರಳಿ ಬೆಳಗಾಗುವುದರೊಳಗೆ ಬಾಡುವ ಹೂವಿಗೆ ಅಕ್ಕಪಕ್ಕದವರನ್ನು ಕರೆದು ಆರತಿ ಮಾಡುವ ಮನೆಗಳಲ್ಲಿ ಇದೊಂದು ಅನುಕೂಲ. ಮಿಶ್ರಣಕ್ಕೆ ಇದ್ದಿಲು, ಇಟ್ಟಿಗೆ ಚೂರು ಹೆಚ್ಚು ಸೇರಿಸಬೇಕು. ಮೇಣದಂಥ ಹೂಗೊಂಚಲಿನ ಹೋಯಾಕ್ಕೂ ಇದೇ ಕ್ರಮ; ಹೂ ಉದುರಿದ ಕಾಂಡದ ಮೊಂಡನ್ನು ಮಾತ್ರ ಕತ್ತರಿಸಬಾರದು, ಮುಂದಿನ ಹೂವೂ ಅಲ್ಲೇ ಬರುತ್ತದೆ.

ಮಲೆನಾಡಿನ ಹೆಣ್ಣುಮಕ್ಕಳು ಮುಡಿಯುವ ಸೀತಾಳೆ ದಂಡೆ, ನರಿಬಾಲದಂತೆ ಇಳಿಬಿದ್ದ ತಿಳಿ ನೇರಳೆ ಗೊಂಚಲು. ಅಸ್ಸಾಮಿನವರಿಗೆ ಇದು ‘ಕಪೌ ಫೂಲ್’, ಅಲ್ಲಿನ ರಾಜ್ಯಪುಷ್ಪ. ಬಿಹು ಕುಣಿಯುವವರ ಮುಡಿಯಲ್ಲೂ ಇದೇ. ಮಳೆಗಾಲಕ್ಕೆ ಮುಂಚಿನ ವಾರಗಳಲ್ಲಿ ಅರಳುತ್ತದೆ. ಮರದ ಪಟ್ಟಿಗಳ ಬುಟ್ಟಿಯಲ್ಲಿ ಇದ್ದಿಲು ಮತ್ತು ತೆಂಗಿನ ಸಿಪ್ಪೆಯ ತುಂಡು ಹಾಕಿ ಕೂರಿಸಿದರೆ, ಇಲ್ಲವೇ ಸಿಪ್ಪೆಯೊಡನೆ ಅಂಗಳದ ಮಾವಿನ ಕೊಂಬೆಗೇ ಕಟ್ಟಿದರೆ, ಬೇರುಗಳು ಬುಟ್ಟಿಯ ಹೊರಗೂ ಚಾಚಿ ಗಾಳಿಯ ತೇವ ಹೀರುತ್ತವೆ. ಬುಟ್ಟಿ ಬದಲಿಸುವ ಅವಸರ ಬೇಡ, ಬೇರು ಅಲುಗಿದರೆ ಒಂದೆರಡು ವರ್ಷ ಹೂ ನಿಲ್ಲುತ್ತದೆ. ಘಟ್ಟದ ಮರದಿಂದ ಕಿತ್ತು ತಂದು ರಸ್ತೆಬದಿ ಮಾರುವವರಿಂದ ಕೊಳ್ಳಬಾರದು. ಅರಣ್ಯದಿಂದ ಗಿಡ ಕೀಳುವುದು ಅಪರಾಧ, ಮೇಲಾಗಿ ಹಾಗೆ ಕಿತ್ತ ಗಿಡದ ಬೇರು ತುಂಡಾಗಿದ್ದು ಬಹುಪಾಲು ಬದುಕುವುದಿಲ್ಲ. ಸಸಿಯಿಂದ ಬೆಳೆಸಿದ ಗಿಡಗಳು ಆರ್ಕಿಡ್ ನರ್ಸರಿಗಳಲ್ಲಿ ಸಿಗುತ್ತವೆ. ಮೊದಲ ಗೊಂಚಲಿಗೆ ಕೆಲವು ವರ್ಷ ಕಾಯಬೇಕಾಗುತ್ತದೆ.